ಮಣ್ಣಿನಲ್ಲಿ ಸಿಕ್ಕ ರೆಕ್ಕೆ

ನನ್ನ ತಾಯಿಯ ತವರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯನ್ನು ಬಿಟ್ಟು ಎರಡು ಮೈಲಿ ಒಳಕ್ಕೆ ನಡೆದರೆ ಸಿಗುತ್ತಿದ್ದ ಒಂದು ಸಣ್ಣ ಹಳ್ಳಿ. ಆ ಮನೆಯ ದನದ ಕೊಟ್ಟಿಗೆಯ ಗೋಡೆಗೆ ಹೊಡೆದ ಗೂಟದಲ್ಲಿ ಮೊರದಷ್ಟು ಅಗಲದ ಒಂದು ಲೋಹದ ತಗಡು ತೂಗುತ್ತಿತ್ತು. 1960ರ ದಶಕದ ಬೇಸಿಗೆ ರಜೆಗಳಲ್ಲಿ ನಾನು ಕಂಡ ಮಟ್ಟಿಗೆ ಅದಕ್ಕೆ ಎರಡು ಉಪಯೋಗಗಳಿದ್ದವು. ಹುಣಸೆಹಣ್ಣನ್ನು ಬಿಸಿಲಿಗೆ ಹರಡುವುದು ಒಂದು; ಎಳೆಯ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚುವುದು ಇನ್ನೊಂದು. ಅಷ್ಟು ದೊಡ್ಡ ತಗಡನ್ನು ಆರು ವರ್ಷದ ನಾನು ಒಂದೇ ಕೈಯಲ್ಲಿ ಎತ್ತಬಲ್ಲವನಾಗಿದ್ದೆ. ಅದೇ ನನ್ನ ಬೆರಗು. ಕಬ್ಬಿಣವಲ್ಲ, ತಾಮ್ರವಲ್ಲ, ಬೆಳ್ಳಿಯಂತೂ ಅಲ್ಲ. ಏನೆಂದು ಕೇಳಿದರೆ ಮನೆಯ ಎಲ್ಲರದೂ ಒಂದೇ ಉತ್ತರ: "ಅದು ಯುದ್ಧದ ವಿಮಾನದ್ದು."

ವಿಮಾನ ಯಾರದು ಎಂಬಲ್ಲಿ ಮಾತ್ರ ಒಮ್ಮತವಿರಲಿಲ್ಲ. ತಾತನ ಪ್ರಕಾರ ಜರ್ಮನಿಯದು. ಸೋದರಮಾವನ ಪ್ರಕಾರ ಜಪಾನಿನದು. ಹೊಲವನ್ನು ಮಟ್ಟ ಮಾಡುವಾಗ ಗುದ್ದಲಿಯ ಬಾಯಿಗೆ ಸಿಕ್ಕಿತೆಂಬುದನ್ನು ಇಬ್ಬರೂ ಒಪ್ಪುತ್ತಿದ್ದರು. ಅಜ್ಜಿಗೆ ಈ ಜಗಳದಲ್ಲಿ ಆಸಕ್ತಿಯಿರಲಿಲ್ಲ. ತಗಡು ಸಿಕ್ಕಿದ ಮೂಲೆಯಲ್ಲಿ ಆಕೆ ಒಂದು ಕಲ್ಲು ನೆಡಿಸಿದ್ದಳು. ಮಹಾಲಯ ಅಮಾವಾಸ್ಯೆಯ ದಿನ ಮನೆಯ ಹಿರಿಯರಿಗೆ ಎಡೆ ಇಟ್ಟ ಮೇಲೆ ಒಂದು ಎಲೆಯಲ್ಲಿ ಸ್ವಲ್ಪ ಅನ್ನ, ಒಂದು ಹೂವು ತೆಗೆದುಕೊಂಡು ಹೊಲಕ್ಕೆ ಹೋಗಿ ಆ ಕಲ್ಲಿನ ಮುಂದೆ ಇಟ್ಟು ಬರುತ್ತಿದ್ದಳು. "ಯಾರು ಹೆತ್ತ ಮಗನೋ, ಅವನ ಊರಲ್ಲಿ ಅವನಿಗೆ ಎಡೆ ಇಡೋರು ಇದ್ದಾರೋ ಇಲ್ಲವೋ" ಎನ್ನುತ್ತಿದ್ದಳು. ವಿಮಾನವಿದ್ದ ಮೇಲೆ ಅದರೊಳಗೆ ಒಬ್ಬ ಹುಡುಗನಿರಲೇಬೇಕು. ವಿಮಾನ ಬಿದ್ದ ಮೇಲೆ ಆ ಹುಡುಗ ಸತ್ತಿರಲೇಬೇಕು. ಅಜ್ಜಿಯ ತರ್ಕ ಇಷ್ಟೇ.

ನಾನು ಇತಿಹಾಸಕಾರನಲ್ಲ. ಕನ್ನಡ ಎಂ.ಎ. ಮಾಡಿ ಮೂರು ದಶಕ ಹಳಗನ್ನಡವನ್ನೂ ಗ್ರಂಥಸಂಪಾದನೆಯನ್ನೂ ಪಾಠ ಹೇಳಿ ನಿವೃತ್ತನಾದವನು. ಆದರೆ ಅಕ್ಷರ ಸವೆದ ಕಲ್ಲನ್ನು ಓದುವ ವಿದ್ಯೆಗೂ ಮಣ್ಣು ಸೇರಿದ ವಿಮಾನವನ್ನು ಗುರುತಿಸುವ ವಿದ್ಯೆಗೂ ಹತ್ತಿರದ ನಂಟಿದೆ ಎಂಬುದು ತಡವಾಗಿ ತಿಳಿದಾಗ, ಆ ತಗಡನ್ನು ಮತ್ತೆ ಕೈಗೆ ತೆಗೆದುಕೊಂಡೆ. ಈ ಮಾತುಗಳು ಹುಟ್ಟಿದ್ದು ಅಲ್ಲಿಂದ.

ಮೊದಲು ತಾತ ಮತ್ತು ಮಾವಂದಿರ ವಾದವನ್ನು ತೀರ್ಮಾನಿಸೋಣ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಯಾವ ಯುದ್ಧವಿಮಾನವೂ ಮೈಸೂರು ಸೀಮೆಯತ್ತ ಬಂದುದಿಲ್ಲ. ಜಪಾನಿನ ವಿಮಾನಗಳು 1942ರ ಏಪ್ರಿಲ್ 5ರಂದು ಕೊಲಂಬೊ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡ, 9ರಂದು ಟ್ರಿಂಕೋಮಲಿಗಳ ಮೇಲೆ ಬಾಂಬು ಹಾಕಿದವು. ಆ ವಾರ ಮದರಾಸಿನಿಂದ ಜನ ಊರು ಬಿಟ್ಟು ಒಳನಾಡಿಗೆ ಹರಿದು ಬಂದರು. ನಮ್ಮ ಕಡೆಯ ಹಳ್ಳಿಗಳಲ್ಲಿ "ಜಪಾನಿನವನು" ಎಂಬ ಹೆಸರು ಮನೆಮಾತಾದುದು ಆಗಲೇ ಇರಬೇಕು. ಆದರೆ ನಂದಿಬೆಟ್ಟದ ನೆತ್ತಿಯ ಮೇಲೆ ಹಾರಿದವೆಲ್ಲ ನಮ್ಮ ಪಕ್ಷದ ವಿಮಾನಗಳೇ. ಮತ್ತು ಅವು ಬಹಳ ಇದ್ದವು.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದ್ದು 1940ರ ಡಿಸೆಂಬರಿನಲ್ಲಿ. 1941ರಲ್ಲಿ ಹಾರ್ಲೊ ಎಂಬ ತರಬೇತಿ ವಿಮಾನವೂ 1942ರ ಜುಲೈಯಲ್ಲಿ ಕರ್ಟಿಸ್ ಹಾಕ್ ಎಂಬ ಕಾದಾಟದ ವಿಮಾನವೂ ಅಲ್ಲಿಂದ ಮೇಲೆದ್ದವು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ವಶಕ್ಕೆ ಹೋಯಿತು. ಹೊಸ ವಿಮಾನ ಕಟ್ಟುವ ಕೆಲಸ ನಿಂತು, ಯುದ್ಧರಂಗದಿಂದ ದಣಿದು ಬಂದ ವಿಮಾನಗಳನ್ನು ಬಿಚ್ಚಿ, ತೊಳೆದು, ರಿಪೇರಿ ಮಾಡಿ ಕಳಿಸುವ ಕೆಲಸ ಆರಂಭವಾಯಿತು. ನಾಲ್ಕು ಎಂಜಿನುಗಳ ಲಿಬರೇಟರ್ ಬಾಂಬರುಗಳು, ಡಕೋಟಗಳು, ನೀರಿನ ಮೇಲೆ ಇಳಿಯುವ ಕ್ಯಾಟಲೀನಗಳು ಎಲ್ಲವೂ ಬಂದವು. ಕ್ಯಾಟಲೀನಗಳು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ನೊರೆ ಉಕ್ಕುವ ಕೆರೆಯೆಂದು ಅದನ್ನು ಬಲ್ಲ ಇಂದಿನವರಿಗೆ ಇದು ಪುರಾಣದಂತೆ ಕೇಳಿಸೀತು.

ಇತ್ತ ಯಲಹಂಕದಲ್ಲಿ ಬ್ರಿಟಿಷ್ ವಾಯುಪಡೆಯ ನಿಲ್ದಾಣವಿತ್ತು. 1944ರಲ್ಲಿ ಅಲ್ಲಿ 1670ನೆಯ ಸಂಖ್ಯೆಯ ತರಬೇತಿ ಘಟಕವನ್ನು ತೆರೆದರು. ಹರಿಕೇನ್ ಹಾರಿಸಿ ರೂಢಿಯಿದ್ದ ಹುಡುಗರಿಗೆ ಅಮೆರಿಕದ ಥಂಡರ್‌ಬೋಲ್ಟ್ ವಿಮಾನವನ್ನು ಹಾರಿಸಲು ಕಲಿಸಿ ಬರ್ಮಾದ ರಣರಂಗಕ್ಕೆ ಕಳಿಸುವುದು ಅದರ ಕೆಲಸ. ಥಂಡರ್‌ಬೋಲ್ಟ್ ಆ ಕಾಲದ ಒಂಟಿ ಎಂಜಿನಿನ ವಿಮಾನಗಳಲ್ಲಿ ಆನೆ. ಎರಡು ಸಾಲುಗಳಲ್ಲಿ ಹದಿನೆಂಟು ಸಿಲಿಂಡರುಗಳ ಎಂಜಿನು, ರೆಕ್ಕೆಗಳಲ್ಲಿ ಎಂಟು ಭಾರಿ ಬಂದೂಕುಗಳು. ಯಲಹಂಕದಲ್ಲಿ ನೆಲ ಬಿಟ್ಟರೆ ಅದರ ವೇಗಕ್ಕೆ ಚಿಕ್ಕಬಳ್ಳಾಪುರ ಐದಾರು ನಿಮಿಷದ ದಾರಿ. ಕಲಿಯುವವರ ಕೈಯಲ್ಲಿ ವಿಮಾನಗಳು ಅಪಘಾತಕ್ಕೀಡಾಗುವುದು ಆ ಯುದ್ಧದಲ್ಲಿ ಎಲ್ಲ ದೇಶಗಳಲ್ಲೂ ನಿತ್ಯದ ಮಾತಾಗಿತ್ತು. ಆದ್ದರಿಂದ ಅಜ್ಜಿಯ ಕಥೆ ಅಸಂಭವವೇನಲ್ಲ. ಶತ್ರುವಿನ ವಿಮಾನ ಎಂಬುದಷ್ಟೇ ಅಸಂಭವ.

ಹಾಗಾದರೆ ನೆಲದಲ್ಲಿ ಸಿಕ್ಕ ಚೂರಿನಿಂದ ವಿಮಾನವನ್ನು ಗುರುತಿಸುವುದು ಹೇಗೆ? ಯಾವ ಜಾತಿಯ ವಿಮಾನ ಎಂಬುದು ಮೊದಲ ಪ್ರಶ್ನೆ. ಆ ಜಾತಿಯ ಸಾವಿರಾರು ವಿಮಾನಗಳಲ್ಲಿ ಇದು ಯಾವುದು ಎಂಬುದು ಎರಡನೆಯದು. ಜನ ಈ ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಎರಡನೆಯದಕ್ಕೆ ಉತ್ತರ ಸಿಕ್ಕದ ಹೊರತು ಸತ್ತವನ ಹೆಸರು ಸಿಗುವುದಿಲ್ಲ.

ವೇಗವಾಗಿ ನೆಲಕ್ಕೆ ಅಪ್ಪಳಿಸಿದ ವಿಮಾನದಲ್ಲಿ ಭಾರವಾದ ಎಂಜಿನು ಆಳಕ್ಕೆ ಇಳಿಯುತ್ತದೆ. ಹಗುರವಾದ ಮೈ, ರೆಕ್ಕೆ, ಬಾಲಗಳು ಮೇಲುಮಣ್ಣಿನಲ್ಲಿ ಚದರುತ್ತವೆ. ಮೇಲಿನವನ್ನು ಸುತ್ತಲ ಜನ ಕೂಡಲೇ ಆರಿಸಿಕೊಂಡು ಹೋಗುತ್ತಾರೆ. ಲಂಡನ್ನಿನಲ್ಲಿ 1940ರ ಸೆಪ್ಟೆಂಬರ್ 15ರಂದು ರೇ ಹೋಮ್ಸ್ ಎಂಬ ಸಾರ್ಜೆಂಟನ ಹರಿಕೇನ್ ವಿಮಾನ ಅರಮನೆಯ ಹತ್ತಿರದ ಬೀದಿಗೆ ಬಿತ್ತು. ಆತ ಧುಮುಕಿ ಬದುಕಿಕೊಂಡ. ಬಾಂಬು ಬಿದ್ದ ಊರಿನಲ್ಲಿ ಗುಂಡಿಯನ್ನು ಮುಚ್ಚಿ ಮೇಲೆ ರಸ್ತೆ ಹಾಕಿದರು. 64 ವರ್ಷಗಳ ತರುವಾಯ, 2004ರಲ್ಲಿ, ಅದೇ ರಸ್ತೆಯನ್ನು ಅಗೆದು ಎಂಜಿನನ್ನು ಹೊರತೆಗೆದಾಗ ಹೋಮ್ಸ್ ಇನ್ನೂ ಜೀವಂತವಾಗಿದ್ದ. ಇಂತಹ ಭಾಗ್ಯ ಅಪರೂಪ. ನಮ್ಮ ಸೀಮೆಯ ನೆಲವಂತೂ ಅಷ್ಟು ಉದಾರಿಯಲ್ಲ. ಕೆಮ್ಮಣ್ಣಿನ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ಬಂಡೆ. ಇಲ್ಲಿ ಬಿದ್ದದ್ದು ಹೂತುಕೊಳ್ಳುವುದಕ್ಕಿಂತ ಚೂರಾಗುವುದೇ ಹೆಚ್ಚು. ಮೇಲಾಗಿ ಗೆದ್ದಲು. ಹರಿಕೇನ್ ವಿಮಾನದ ಮೈಯಲ್ಲಿ ಮರವೂ ಬಟ್ಟೆಯೂ ಬಹಳ. ಮಸ್ಕೀಟೊ ವಿಮಾನವಂತೂ ಬಹುಮಟ್ಟಿಗೆ ಮರದ್ದೇ. ಗೆದ್ದಲು ಬೀಡುಬಿಟ್ಟ ಹೊಲದಲ್ಲಿ ಒಂದು ಮಸ್ಕೀಟೊ ಬಿದ್ದರೆ ಇಪ್ಪತ್ತು ವರ್ಷಕ್ಕೆ ಎರಡು ಎಂಜಿನು, ಒಂದಿಷ್ಟು ಕಬ್ಬಿಣ ಬಿಟ್ಟರೆ ಬೇರೇನೂ ಉಳಿದಿರಲಾರದು.

ಎಂಜಿನು ಸಿಕ್ಕರೆ ಕೆಲಸ ಮುಗಿಯಿತೆಂದೂ ತಿಳಿಯಬಾರದು. ಹದಿನೆಂಟು ಸಿಲಿಂಡರಿನ ಎಂಜಿನು ಯಲಹಂಕದ ನೆರೆಯಲ್ಲಿ ಸಿಕ್ಕರೆ ಥಂಡರ್‌ಬೋಲ್ಟ್ ಇರಬಹುದೆನ್ನಬಹುದು. ಆದರೆ ಹದಿನಾಲ್ಕು ಸಿಲಿಂಡರಿನ ಟ್ವಿನ್ ವಾಸ್ಪ್ ಸಿಕ್ಕಿತೆನ್ನಿ: ಲಿಬರೇಟರ್, ಡಕೋಟ, ಕ್ಯಾಟಲೀನ ಮೂರಕ್ಕೂ ಹಾಕುತ್ತಿದ್ದುದು ಅದನ್ನೇ. ಬಾಂಬು ಹಾಕುವ ವಿಮಾನವೋ, ಸರಕು ಸಾಗಿಸುವ ವಿಮಾನವೋ, ಕೆರೆಯಲ್ಲಿ ಇಳಿಯುವ ವಿಮಾನವೋ ಎಂಬುದನ್ನು ಎಂಜಿನು ಹೇಳಲಾರದು.

ಆಗ ನೆರವಿಗೆ ಬರುವುದು ಅಂಕಿಗಳು. ವಿಮಾನದ ಪ್ರತಿಯೊಂದು ಬಿಡಿಭಾಗದ ಮೇಲೂ ಅದರ ನಕ್ಷೆಯ ಸಂಖ್ಯೆಯನ್ನು ಒತ್ತಿರುತ್ತಾರೆ. ತಪಾಸಣೆ ಮಾಡಿದವನ ಸಣ್ಣ ಮುದ್ರೆಯೂ ಇರುತ್ತದೆ. ಲಿಬರೇಟರಿನ ಬಿಡಿಭಾಗಗಳ ಸಂಖ್ಯೆ 32ರಿಂದ, ಕ್ಯಾಟಲೀನದ್ದು 28ರಿಂದ ಆರಂಭವಾಗುತ್ತವೆ. ತಯಾರಿಸಿದ ಕಂಪನಿಯಲ್ಲಿ ಆ ಮಾದರಿಗಳಿಗೆ ಇದ್ದ ಕ್ರಮಸಂಖ್ಯೆ ಅದು. ಸ್ಪಿಟ್‌ಫೈರ್ ವಿಮಾನದ ಮೂಲ ಮಾದರಿಯ ಸಂಖ್ಯೆ 300. ಅಂಗೈಯಗಲದ ಚೂರಿನ ಮೇಲೆ ಎರಡು ಅಂಕಿ ಉಳಿದಿದ್ದರೆ ಸಾಕು, ಬಲ್ಲವನು ಜಾತಿಯನ್ನು ಹೇಳಿಬಿಡುತ್ತಾನೆ. ಹಲ್ಮಿಡಿಯ ಕಾಲದ 'ಕ'ಕಾರಕ್ಕೂ ಹೊಯ್ಸಳರ ಕಾಲದ 'ಕ'ಕಾರಕ್ಕೂ ಇರುವ ವ್ಯತ್ಯಾಸದಿಂದ ಶಾಸನದ ಶತಮಾನವನ್ನು ಹೇಳುವ ಹಾಗೆ. ಬಂದೂಕಿನ ತೋಟಾಗಳು ಸಿಕ್ಕರೆ ಇನ್ನೂ ಒಳ್ಳೆಯದು. ಅವುಗಳ ತಳದಲ್ಲಿ ತಯಾರಿಸಿದ ಕಾರ್ಖಾನೆಯ ಅಕ್ಷರ, ವರ್ಷ ಎರಡೂ ಇರುತ್ತವೆ. ತಳದಲ್ಲಿ 43 ಎಂದಿದ್ದರೆ ವಿಮಾನ 1943ಕ್ಕೆ ಮೊದಲು ಬಿದ್ದಿರಲಾರದು. ಬಣ್ಣವೂ ಸಾಕ್ಷಿಯೇ. ನಮ್ಮ ಭಾಗದಲ್ಲಿ ಹಾರಿದ ಬ್ರಿಟಿಷ್ ವಿಮಾನಗಳ ವೃತ್ತಾಕಾರದ ಲಾಂಛನದಿಂದ ಯುದ್ಧದ ನಡುವೆ ಕೆಂಪು ಬಣ್ಣವನ್ನು ತೆಗೆದುಹಾಕಿದರು. ಜಪಾನಿನ ಕೆಂಪು ಸೂರ್ಯನೆಂದು ಭ್ರಮಿಸಿ ತಮ್ಮವರೇ ಗುಂಡು ಹಾರಿಸಬಾರದಲ್ಲ!

ಇಷ್ಟೂ ಜಾತಿಯ ಮಾತಾಯಿತು. ವ್ಯಕ್ತಿಯನ್ನು ಗುರುತಿಸಬೇಕಾದರೆ ಆ ಒಂದು ವಿಮಾನಕ್ಕೆ ಮಾತ್ರ ಸೇರಿದ ಸಂಖ್ಯೆ ಬೇಕು. ಅದು ಬಾಲದ ಮೇಲಿನ ಬಣ್ಣದ ಅಂಕಿಯಲ್ಲಿರಬಹುದು, ಚಾಲಕನ ಕೋಣೆಯ ಸಣ್ಣ ಫಲಕದಲ್ಲಿರಬಹುದು, ಎಂಜಿನಿನ ಕ್ರಮಸಂಖ್ಯೆಯಲ್ಲಿರಬಹುದು. ಅದನ್ನು ಹಿಡಿದುಕೊಂಡು ಕಾಗದಪತ್ರಗಳಿಗೆ ಹೋಗಬೇಕು. ಬ್ರಿಟಿಷರ ಪ್ರತಿಯೊಂದು ದಳವೂ ದಿನಚರಿಯನ್ನು ಇಡುತ್ತಿತ್ತು; ಪ್ರತಿ ವಿಮಾನಕ್ಕೂ ಜಾತಕದಂತಹ ಒಂದು ಕಾರ್ಡು ಇರುತ್ತಿತ್ತು. ಕಾಣೆಯಾದ ತಮ್ಮ ವಿಮಾನಗಳ ಬಗೆಗೆ ಅಮೆರಿಕನ್ನರು 1943ರಿಂದ ಪ್ರತ್ಯೇಕ ವರದಿಗಳನ್ನೇ ಬರೆಯತೊಡಗಿದರು. ಎಂಜಿನಿನ ಸಂಖ್ಯೆಗಳನ್ನೂ ಬಂದೂಕುಗಳ ಸಂಖ್ಯೆಗಳನ್ನೂ ಆ ವರದಿಯಲ್ಲಿ ನಮೂದಿಸುತ್ತಿದ್ದರು. ಮಣ್ಣಿನ ಸಂಖ್ಯೆಯೂ ಕಾಗದದ ಸಂಖ್ಯೆಯೂ ಕೂಡಿದಾಗಲೇ ಗುರುತು.

ಅಲ್ಲಿಯೂ ಒಂದು ತೊಡಕಿದೆ. ಗ್ರಂಥಸಂಪಾದನೆಯ ಪಾಠ ಹೇಳಿದವನಿಗೆ ಅದು ಚೆನ್ನಾಗಿ ಪರಿಚಿತವಾದ ತೊಡಕು. ಒಂದು ಓಲೆಗರಿಯ ಪ್ರತಿಯಲ್ಲಿ ಬೇರೊಂದು ಕಾವ್ಯದ ಪದ್ಯ ನುಸುಳಿರುತ್ತದೆ. ಪ್ರಕ್ಷಿಪ್ತವೆನ್ನುತ್ತೇವೆ. ಅದನ್ನೇ ಹಿಡಿದು ಕವಿಯ ಕಾಲವನ್ನು ನಿರ್ಣಯಿಸಿದವರು ಮುಗ್ಗರಿಸುತ್ತಾರೆ. ವಿಮಾನಗಳಲ್ಲಿಯೂ ಪ್ರಕ್ಷಿಪ್ತಗಳುಂಟು. ಒಂದರ ಬಾಗಿಲನ್ನು ಇನ್ನೊಂದಕ್ಕೆ, ಮೂರನೆಯದರ ಎಂಜಿನನ್ನು ಎರಡನೆಯದಕ್ಕೆ ಜೋಡಿಸುವುದು ಯುದ್ಧಕಾಲದ ಕಾರ್ಖಾನೆಗಳಲ್ಲಿ ನಿತ್ಯದ ಕೆಲಸ. ನಮ್ಮ ಬೆಂಗಳೂರಿನ ಕಾರ್ಖಾನೆಯೇ ಇದಕ್ಕೆ ದೊಡ್ಡ ನಿದರ್ಶನ. ಯುದ್ಧ ಮುಗಿದಾಗ ಕಾನ್ಪುರದ ಚಕೇರಿಯಲ್ಲಿ ಲಿಬರೇಟರ್ ಬಾಂಬರುಗಳನ್ನು, ಮತ್ತೆ ಯಾರೂ ಹಾರಿಸದಂತೆ ಬೇಕೆಂದೇ ಜಖಂಗೊಳಿಸಿ, ಬಿಟ್ಟುಹೋಗಿದ್ದರು. ಸ್ವತಂತ್ರ ಭಾರತಕ್ಕೆ ಬಾಂಬರುಗಳು ಬೇಕಾದಾಗ ಹಿಂದುಸ್ತಾನ್ ಏರ್‌ಕ್ರಾಫ್ಟಿನ ಕೆಲಸಗಾರರು ಅಲ್ಲಿಗೆ ಹೋಗಿ, ಒಂದಕ್ಕೊಂದರ ಅಂಗಗಳನ್ನು ಕೂಡಿಸಿ ಹಾರುವ ಸ್ಥಿತಿಗೆ ತಂದರು. ಜಮ್‌ಶೆಡ್ ಕೈಕೋಬಾದ್ ಮುನ್ಷಿ ಎಂಬ ಪೈಲಟರು ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಸುಮಾರು 40 ವಿಮಾನಗಳು ಹೀಗೆ ಮರುಹುಟ್ಟು ಪಡೆದು 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಅವುಗಳಲ್ಲಿ ಒಂದು 1974ರಲ್ಲಿ ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಸೇರಿತು. ಇಂತಹ ವಿಮಾನದ ಒಂದು ಬಾಗಿಲು ನಾಳೆ ಯಾರದೋ ಹೊಲದಲ್ಲಿ ಸಿಕ್ಕಿದರೆ ಅದರ ಮೇಲಿನ ಸಂಖ್ಯೆ ಯಾವ ವಿಮಾನದ ಕಥೆಯನ್ನು ಹೇಳೀತು?

ಎಲ್ಲ ಸಾಕ್ಷಿಗಳೂ ಕೂಡಿಬಂದ ಒಂದು ಪ್ರಕರಣ ನಮ್ಮ ದೇಶದಲ್ಲಿಯೇ ಇದೆ. ಅದೂ ಲಿಬರೇಟರ್ ವಿಮಾನದ್ದೇ. ಬರ್ಮಾದ ರಸ್ತೆ ಜಪಾನಿನ ಕೈಸೇರಿದ ಮೇಲೆ ಅಸ್ಸಾಮಿನಿಂದ ಚೀನಕ್ಕೆ ಹಿಮಾಲಯದ ಅಂಚನ್ನು ದಾಟಿ ವಿಮಾನಗಳಲ್ಲಿ ಸರಕು ಒಯ್ಯುತ್ತಿದ್ದರು. ಆ ದಾರಿಗೆ 'ಹಂಪ್', ಎಂದರೆ ಡುಬ್ಬ, ಎಂದು ಹೆಸರಿಟ್ಟಿದ್ದರು. ಅಲ್ಲಿ ಕಳೆದುಹೋದ ವಿಮಾನಗಳು ಸುಮಾರು 600. 1944ರ ಜನವರಿ 25ರಂದು ಚೀನದ ಕುನ್ಮಿಂಗಿನಿಂದ ಅಸ್ಸಾಮಿನ ಚಬುವಾ ನಿಲ್ದಾಣಕ್ಕೆ ಹೊರಟ ಒಂದು ಲಿಬರೇಟರ್ ಎಂಟು ಜನರೊಂದಿಗೆ ಕಾಣೆಯಾಯಿತು. ಹುಡುಗರು ಅದಕ್ಕೆ ಇಟ್ಟಿದ್ದ ಹೆಸರು 'ಹಾಟ್ ಆಸ್ ಹೆಲ್', ನರಕದಷ್ಟು ಬಿಸಿ. ಅದು ಬಿದ್ದದ್ದು ಇಂದಿನ ಅರುಣಾಚಲ ಪ್ರದೇಶದ ದಮ್ರೋಹ್ ಊರಿನ ಮೇಲಣ ಬೆಟ್ಟದಲ್ಲಿ. 62 ವರ್ಷಗಳ ಕಾಲ ಎಂಟು ಮನೆಗಳಿಗೆ ಈ ಸಂಗತಿ ತಿಳಿಯಲಿಲ್ಲ. 2006ರ ಡಿಸೆಂಬರಿನಲ್ಲಿ ಕ್ಲೇಟನ್ ಕೂಲ್ಸ್ ಎಂಬ ಅಮೆರಿಕದ ಪರ್ವತಾರೋಹಿ ಸ್ಥಳೀಯರ ನೆರವಿನಿಂದ ಅಲ್ಲಿಗೆ ಹತ್ತಿ, ಅವಶೇಷಗಳ ಮೇಲಿನ ಸಂಖ್ಯೆಗಳನ್ನು ಬರೆದುಕೊಂಡು ಬಂದ. ಸಂಖ್ಯೆ ವರದಿಯೊಂದಿಗೆ ಕೂಡಿತು. 42-73308 ಎಂಬ ಸಂಖ್ಯೆಯ ವಿಮಾನ ಅದು. ಎಂಟು ಹೆಸರುಗಳೂ ಸಿಕ್ಕಿದವು.

ಹೆಸರುಗಳು ಸಿಕ್ಕಿದವು, ದೇಹಗಳಲ್ಲ. ಅಗೆಯಲು ಅನುಮತಿ ಬೇಕು, ಅನುಮತಿಗೆ ಸರ್ಕಾರಗಳ ನಡುವೆ ಮಾತುಕತೆ ಬೇಕು, ಗಡಿಯ ಸೂಕ್ಷ್ಮಗಳು ಬೇರೆ. ವರ್ಷಗಳು ಉರುಳಿದವು. ಈ ನಡುವೆ ವಯಸ್ಸಾದ ತಂಗಿಯರು, ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಕಾದು ಕಾದು ಸಾಯುತ್ತಿದ್ದರು. ಕಡೆಗೆ ಬೆಟ್ಟದಲ್ಲಿ ಸಿಕ್ಕ ಅಸ್ಥಿಶೇಷವನ್ನು 2016ರ ಏಪ್ರಿಲಿನಲ್ಲಿ ದೆಹಲಿಯಿಂದ ಗೌರವದೊಂದಿಗೆ ಕಳಿಸಿಕೊಟ್ಟರು. ರಾಬರ್ಟ್ ಆಕ್ಸ್‌ಫರ್ಡ್ ಎಂಬ ತರುಣ ಲೆಫ್ಟಿನೆಂಟಿನ ಗುರುತು ಅದರಿಂದ ಖಚಿತವಾಗಿ, 2017ರ ಜೂನಿನಲ್ಲಿ ಜಾರ್ಜಿಯಾ ರಾಜ್ಯದ ಅವನ ಹುಟ್ಟೂರಿನಲ್ಲಿ ಅವನನ್ನು ಮಣ್ಣು ಮಾಡಿದರು. ಹೊರಟು 73 ವರ್ಷಗಳಾಗಿದ್ದವು. ಆ ಬೆಟ್ಟಸಾಲಿನ ಅವಶೇಷಗಳಿಗೆಂದೇ 2023ರಲ್ಲಿ ಪಾಸಿಘಾಟಿನಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದಿದ್ದಾರೆ. ಅಷ್ಟು ವರ್ಷವೂ ಅಲ್ಲಿಯ ಬೆಟ್ಟದ ಜನ ವಿಮಾನದ ತಗಡಿನಿಂದ ಪಾತ್ರೆ ಪಡಗಗಳನ್ನು ಮಾಡಿಕೊಳ್ಳುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ಕೊಟ್ಟಿಗೆಯ ಗೂಟ ಕಣ್ಣಮುಂದೆ ಬಂತು.

ಎಂಟು ಮನೆಗಳ ಕಥೆ ಇದು. ಸಿಂಗಪುರದ ಕ್ರಾಂಜಿಯಲ್ಲಿ ಸಮಾಧಿ ಸಿಗದವರ ಸ್ಮಾರಕವೊಂದಿದೆ. ಭಾರತೀಯ ಯೋಧರೂ ಸೇರಿದಂತೆ 24,000ಕ್ಕೂ ಹೆಚ್ಚು ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ. ಭಾರತ, ಬರ್ಮಾಗಳ ಆಕಾಶದಿಂದ ಮರಳದ ವಿಮಾನಿಕರ ಹೆಸರುಗಳು ಇರುವುದೂ ಅಲ್ಲಿಯೇ.

ಬಯಕೆಯೇ ಗುರುತಾದರೆ ಏನಾಗುತ್ತದೆಂಬುದಕ್ಕೂ ಒಂದು ಕಥೆಯುಂಟು. ಇಂಗ್ಲೆಂಡಿನ ಡೇವಿಡ್ ಕಂಡಲ್ ಎಂಬ ರೈತ ರಂಗೂನಿನ ಮಿಂಗಲಡಾನ್ ನಿಲ್ದಾಣದ ನೆಲದಲ್ಲಿ 1945ರಲ್ಲಿ ಸ್ಪಿಟ್‌ಫೈರ್ ವಿಮಾನಗಳನ್ನು ಪೆಟ್ಟಿಗೆ ಸಮೇತ ಹೂತಿದ್ದಾರೆಂದು ನಂಬಿ ವರ್ಷಗಟ್ಟಲೆ ಹುಡುಕಿದ. ಹಳಬರ ನೆನಪುಗಳಿದ್ದವು, ನೆಲದೊಳಗೆ ಲೋಹವಿದೆ ಎಂದು ಉಪಕರಣಗಳೂ ಹೇಳಿದವು. 2012ರಲ್ಲಿ ಪ್ರಧಾನಮಂತ್ರಿಗಳ ಮಟ್ಟದಲ್ಲಿಯೇ ಮಾತಾಯಿತು. 140 ವಿಮಾನಗಳಿರಬಹುದೆಂದು ಪತ್ರಿಕೆಗಳು ಬರೆದವು. 2013ರ ಜನವರಿಯಲ್ಲಿ ಅಗೆದರು. ಒಂದು ವಿಮಾನವೂ ಸಿಗಲಿಲ್ಲ. ಹಳೆಯ ದಾಖಲೆಗಳನ್ನು ಓದಿದ ಪುರಾತತ್ತ್ವಜ್ಞರು, ಹಾಗೆ ಹೂತಿರುವುದಕ್ಕೆ ಆಧಾರವೇ ಇಲ್ಲವೆಂದು ತೀರ್ಮಾನಿಸಿದರು. ನೆಲವನ್ನು ಕೇಳಿಸಿಕೊಳ್ಳುವ ವಿದ್ಯೆಯಲ್ಲಿ ನಮ್ಮ ಗೌರಿಬಿದನೂರಿಗೆ ಹೆಸರಿದೆ. 1965ರಿಂದ ಅಲ್ಲಿರುವ ಭೂಕಂಪನ ಕೇಂದ್ರ ಬೇರೆ ಖಂಡದ ನೆಲದಡಿಯಲ್ಲಿ ಅಣುಬಾಂಬು ಸಿಡಿದರೂ ಕಂಡುಕೊಳ್ಳುತ್ತದೆ. ಆದರೆ ನಡುಕ ಬಂತೆಂಬುದು ಒಂದು, ಅದು ಭೂಕಂಪವೋ ಬಾಂಬೋ ಎಂದು ಬಿಡಿಸುವುದು ಮತ್ತೊಂದು. ಅಲ್ಲಿಯ ವಿಜ್ಞಾನಿಗಳ ನಿಜವಾದ ದುಡಿಮೆ ಎರಡನೆಯದರಲ್ಲಿ. ಮಿಂಗಲಡಾನಿನಲ್ಲಿ ಲೋಹ ಎಂಬ ನಡುಕವನ್ನೇ ವಿಮಾನ ಎಂದು ಓದಿದರು.

ಕರ್ನಾಟಕದ ನೆಲದಲ್ಲಿ ಸಿಕ್ಕ, ಯುದ್ಧಕ್ಕಾಗಿ ಹಾರುತ್ತಿದ್ದ ವಸ್ತುಗಳಲ್ಲಿ ಎಲ್ಲಕ್ಕಿಂತ ದೊಡ್ಡ ರಾಶಿ ವಿಮಾನದ್ದಲ್ಲ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಕೆಳದಿಯ ಅರಸರ ಬಿದನೂರಿನಲ್ಲಿ, 2002ರಲ್ಲಿ ಒಂದು ಹಾಳುಬಾವಿಯ ಹೂಳು ತೆಗೆಯುವಾಗ ತುಕ್ಕು ಹಿಡಿದ ಸುಮಾರು 160 ಕಬ್ಬಿಣದ ಕೊಳವೆಗಳು ಬಂದವು. ಒಂದೊಂದೂ ಸುಮಾರು ಒಂದು ಅಡಿ ಉದ್ದ. ಅವು ಟಿಪ್ಪುವಿನ ಕಾಲದ ರಾಕೆಟ್ಟುಗಳೆಂದು ಖಚಿತವಾಗಲು ಮತ್ತೆ ಕೆಲವು ವರ್ಷಗಳೇ ಬೇಕಾದವು. 2018ರ ಜುಲೈಯಲ್ಲಿ ಪುರಾತತ್ತ್ವ ಇಲಾಖೆಯವರು ಅದೇ ಬಾವಿಯನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಸಿಕ್ಕಿದವು. ಬಾವಿಯ ಕೆಸರು ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಈ ಅಸ್ತ್ರವನ್ನು ನೋಡಿ ಕಲಿತೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಮಾಡಿದ. ಕೊಳವೆಗಳು ಬಿದನೂರಿನಲ್ಲಿಯೇ ಸಿಕ್ಕವು, ಹೊರಗಿನಿಂದ ಬಂದವಲ್ಲ, ಒಳಗೆ ಮದ್ದು ಉಳಿದಿತ್ತು. ಈ ಮೂರೂ ಸೇರಿದ್ದರಿಂದ ಗುರುತು ಗಟ್ಟಿಯಾಯಿತು. ಅದೇ ಕೊಳವೆ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದರೆ ನೀರಿನ ಪೈಪಿನ ತುಂಡೆಂದು ತೂಕಕ್ಕೆ ಹೋಗುತ್ತಿತ್ತು.

ಗುಜರಿ ಎಂದೆ, ಈಗ ನನ್ನ ತಗಡಿಗೆ ಬರುತ್ತೇನೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ನಮ್ಮ ಬೀದಿಯಲ್ಲಿಯೇ ವಿಮಾನ ಕಾರ್ಖಾನೆಯ ತಗಡಿನ ವಿಭಾಗದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಅಮೆರಿಕನ್ನರ ಕಾಲದಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿದವರು. ಅಜ್ಜಿ ತೀರಿಕೊಂಡ ಮೇಲೆ ತಗಡನ್ನು ನಾನು ತಂದಿಟ್ಟುಕೊಂಡಿದ್ದೆ. ಅವರಿಗೆ ತೋರಿಸಿದೆ. ಅವರು ಮೊದಲು ಮೂಸಿ ನೋಡಿದರು. ಹುಣಸೆಹಣ್ಣಿನ ವಾಸನೆ ಎಂದು ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒಳಮೈಯನ್ನು ಮೆಲ್ಲನೆ ಒರೆಸಿದರು. ಹಳದಿ ಮಿಶ್ರಿತ ಹಸಿರು ಬಣ್ಣದ ತೆಳು ಲೇಪ ಕಾಣಿಸಿತು. ಅದರಡಿಯಲ್ಲಿ ಮಾಸಿದ ಮೂರು ಇಂಗ್ಲಿಷ್ ಅಕ್ಷರಗಳು: ಎ, ಎಲ್, ಸಿ. "ಆಲ್‌ಕ್ಲಾಡ್ ಸಾರ್, ಅಮೆರಿಕದ ತಗಡು. ವಿಮಾನದ್ದೇ. ನೋಡಿ, ರಿವೆಟ್ ತಲೆ ಮೇಲಕ್ಕೆ ಎದ್ದಿಲ್ಲ, ತಗಡಿನ ಮಟ್ಟಕ್ಕೇ ಇದೆ. ಗಾಳಿ ತಡೀಬಾರದು ಅಂತ ಹಾಗೆ ಕೂರಿಸೋದು" ಎಂದರು. ನನಗಾದ ಸಂತೋಷ ಹೇಳತೀರದು. ಯಾವ ವಿಮಾನವೆಂದು ಕೇಳಿದೆ. ಅದು ಹೇಳಲಾಗದು ಎಂದರು. ಅಮೆರಿಕದಿಂದ ಬಂದ ಎಲ್ಲಕ್ಕೂ ಅದೇ ತಗಡು. ಬೆಂಗಳೂರಿನಲ್ಲಿ ಕಟ್ಟಿದ ಹಾಕ್‌ಗೂ ಅದೇ.

ಅನಂತರ ಅವರು ತಗಡಿನ ಅಂಚನ್ನು ಬೆರಳಿನಿಂದ ತಡವುತ್ತ ಸುಮ್ಮನಾದರು. ಒಂದು ಅಂಚಿನಲ್ಲಿ ರಿವೆಟ್ಟುಗಳ ಸಾಲಿತ್ತು. ಉಳಿದ ಮೂರು ಅಂಚುಗಳು ನೇರವಾಗಿದ್ದವು. "ಇದು ಹರಿದಿದ್ದಲ್ಲ ಸಾರ್, ಕತ್ತರಿಯಲ್ಲಿ ಕತ್ತರಿಸಿದ್ದು. ಬಿದ್ದ ವಿಮಾನದ ತಗಡು ಕಾಗದ ಮುದುರಿದ ಹಾಗಿರುತ್ತೆ" ಎಂದರು. ಯುದ್ಧ ಮುಗಿದ ಮೇಲೆ ಬೇಡವಾದ ವಿಮಾನಗಳನ್ನು ಕತ್ತರಿಸಿ ತೂಕಕ್ಕೆ ಮಾರಿದ ಕಥೆಯನ್ನು ಹೇಳಿದರು. ಆ ಅಲ್ಯೂಮಿನಿಯಂ ಕರಗಿ ಎಷ್ಟೋ ಮನೆಗಳಲ್ಲಿ ಅನ್ನದ ಪಾತ್ರೆಯಾಯಿತು. ಕರಗದೆ ಉಳಿದದ್ದು ಗಾಡಿಗಳ ಮೇಲೆ ಸಂತೆಯಿಂದ ಸಂತೆಗೆ ಹೋಯಿತು. ಚಿಂತಾಮಣಿಯ ಸಂತೆಗೂ ಬಂದಿರಬಹುದಲ್ಲವೆ? ಹಾಗೆ ಬಂದ ತಗಡು ಗೊಬ್ಬರದ ಗುಂಡಿಗೆ ಬಿದ್ದು, ಗೊಬ್ಬರದೊಂದಿಗೆ ಹೊಲಕ್ಕೆ ಹೋಗಿ, ಹತ್ತು ವರ್ಷದ ಮೇಲೆ ಗುದ್ದಲಿಗೆ ಸಿಕ್ಕಿರಬಹುದು.

ನನ್ನೂರಿನಿಂದಲೇ ಒಂದು ಹೋಲಿಕೆ ಕೊಡುತ್ತೇನೆ. ಚಿಕ್ಕಬಳ್ಳಾಪುರದ್ದೆಂದು ಹೆಸರಾದ ತಾಮ್ರಪಟ ಕ್ರಿ.ಶ. 806ರದು; ನಂದಿಯ ದೇವಾಲಯವನ್ನು ಕಟ್ಟಿಸಿದವಳು ಬಾಣರ ರಾಣಿ ರತ್ನಾವಳಿ ಎಂದು ನಮಗೆ ತಿಳಿದಿರುವುದು ಅದರಿಂದ. ತಾಮ್ರಪಟ ಕೈಯಿಂದ ಕೈಗೆ ಹೋಗುತ್ತದೆ, ಆದರೆ ತನ್ನ ಮಾತನ್ನು ತಾನೇ ಹೇಳಿಕೊಳ್ಳುತ್ತದೆ. ವೀರಗಲ್ಲಿನಲ್ಲಿ ಅಕ್ಷರವಿಲ್ಲದಿದ್ದರೂ ಅದು ನಿಂತಿರುವ ಜಾಗವೇ ಮಾತಾಡುತ್ತದೆ. ನನ್ನ ತಗಡಿಗೆ ಮಾತೂ ಇರಲಿಲ್ಲ. ಜಾಗದ ಮೇಲೂ ಈಗ ಸಂಶಯ ಬಂದಿತ್ತು.

ಅಜ್ಜಿ ಸತ್ತ ಮೇಲೆ ಕಲ್ಲಿಗೆ ಎಡೆ ಇಡುವ ಕೆಲಸ ಮಾವನಿಗೆ ಬಂದಿತ್ತು. ಈ ಸಂಗತಿಯನ್ನು ಅವರಿಗೆ ಹೇಳಬೇಕೆ ಬೇಡವೆ ಎಂದು ನಾನು ಎರಡು ವರ್ಷ ಯೋಚಿಸಿದೆ. ಪಾಠ ಹೇಳುವವನ ಚಟ ಬಿಡಬೇಕಲ್ಲ. ಒಂದು ಮಹಾಲಯಕ್ಕೆ ಊರಿಗೆ ಹೋದಾಗ ಹೇಳಿಬಿಟ್ಟೆ. ಮಾವ ಹೊಲದ ಬದುವಿನ ಮೇಲೆ ಕುಳಿತಿದ್ದರು. ಎಲೆಯಡಿಕೆ ಅಗಿಯುತ್ತ ಪೂರ್ತಿ ಕೇಳಿದರು. ರಿವೆಟ್ಟಿನ ಮಾತು ಕೇಳಿ ತಲೆದೂಗಿದರು. ಕತ್ತರಿಯ ಮಾತು ಬಂದಾಗ ಉಗಿದು, ನನ್ನ ಕಡೆ ತಿರುಗಿದರು.

"ಕತ್ತರಿಸಿದ್ದು ಅಂತ ಕಂಡುಕೊಂಡೆಯಲ್ಲಪ್ಪ, ಸರಿ. ಯಾವಾಗ ಕತ್ತರಿಸಿದ್ದು?"

ನಾನು ಸುಮ್ಮನಿದ್ದೆ.

"ನಿಮ್ಮ ತಾತನ ಹತ್ತಿರ ತಗಡು ಕತ್ತರಿಸೋ ಕತ್ತರಿ ಇತ್ತು. ಮಣ್ಣಲ್ಲಿ ಸಿಕ್ಕಾಗ ಅಂಚೆಲ್ಲ ಮುದುರಿಕೊಂಡು ಕೈ ಕುಯ್ಯೋ ಹಾಗಿತ್ತು. ಸೊಪ್ಪು ಹೆಚ್ಚೋಕೆ ನೆಟ್ಟಗಿರಲಿ ಅಂತ ಅವರೇ ಮೂರು ಕಡೆ ಕತ್ತರಿಸಿದರು. ಕತ್ತರಿಸಿದ ಚೂರು ಎಲ್ಲಿ ಹೋಯಿತೋ. ನೀನು ಆಗ ಹುಟ್ಟಿರಲಿಲ್ಲ."

ಇದನ್ನು ಅವರು ಮೊದಲೇಕೆ ಹೇಳಿರಲಿಲ್ಲ ಎಂದರೆ, ನಾನು ಕೇಳಿರಲಿಲ್ಲ. ಜರ್ಮನಿಯೋ ಜಪಾನೋ ಎಂದಷ್ಟೇ ಮನೆಯಲ್ಲಿ ಚರ್ಚೆಯಾಗುತ್ತಿತ್ತು. ಮಾವನ ಮಾತನ್ನು ಬೆಂಗಳೂರಿನ ಹಿರಿಯರಿಗೆ ಹೇಳಿದಾಗ ಅವರು ತಗಡನ್ನು ಮತ್ತೆ ತರಿಸಿಕೊಂಡು ಅಂಚುಗಳನ್ನು ಬೆಳಕಿಗೆ ಹಿಡಿದರು. ಕತ್ತರಿ ಬಿದ್ದ ಒಂದು ಮೂಲೆಯ ಹತ್ತಿರ ತಗಡು ಅಲೆಅಲೆಯಾಗಿ ಬಾಗಿ, ಬಡಿದು ನೆಟ್ಟಗೆ ಮಾಡಿದ ಗುರುತುಗಳಿದ್ದವು. ಮರದ ಸುತ್ತಿಗೆಯಲ್ಲಿ ಬಡಿದದ್ದು ಎಂದರು. ಇಷ್ಟಕ್ಕೇ ವಿಮಾನ ಇಲ್ಲಿ ಬಿದ್ದಿತೆಂದು ಹೇಳಲಾಗುವುದಿಲ್ಲ ಎಂದೂ ಸೇರಿಸಿದರು. ಆಳದಲ್ಲಿ ಎಂಜಿನು ಸಿಗಬೇಕು, ಇಲ್ಲವೇ ತೋಟಾ ಸಿಗಬೇಕು.

ಹಿರಿಯರು ಈಗಿಲ್ಲ, ಮಾವನೂ ಇಲ್ಲ. ಹೊಲದ ಬಹುಭಾಗಕ್ಕೆ ದ್ರಾಕ್ಷಿಯ ಚಪ್ಪರ ಬಂದಿದೆ. ಕಂಬ ನೆಡುವವರು ಈಶಾನ್ಯದ ಮೂಲೆಯೊಂದನ್ನು ಬಿಟ್ಟು ನೆಟ್ಟಿದ್ದಾರೆ. ಮಾವನ ಮಗ ಹಾಗೆ ಹೇಳಿದನಂತೆ. ಹೋದ ಮಹಾಲಯಕ್ಕೆ ನಾನು ಹೋಗಿದ್ದೆ. ಕಲ್ಲಿನ ಮುಂದೆ ಬಾಳೆಲೆಯ ತುಂಡು, ಅದರ ಮೇಲೆ ಒಂದು ಹಿಡಿ ಅನ್ನ, ಒಂದು ಚೆಂಡುಹೂವು ಇದ್ದವು. ಕಲ್ಲಿನ ಕೆಳಗಿನ ನೆಲವನ್ನು ಇದುವರೆಗೆ ಯಾರೂ ಅಗೆದಿಲ್ಲ.